ವ್ಯಾಯಾಮಕ್ಕೆ ನಸುಕೇ ಆಗಬೇಕೆ?

ವ್ಯಾಯಾಮವೆಂದರೆ ಬೆಳಿಗ್ಗೆಯೇ ಆಗಬೇಕು, ಅದೂ ಖಾಲಿ ಹೊಟ್ಟೆಯಲ್ಲಿ ಎಂಬ ನಂಬಿಕೆ ನಮ್ಮಲ್ಲಿ ಎಷ್ಟು ಬಲವಾಗಿದೆಯೆಂದರೆ, ಬೆಳಗಿನ ಹೊತ್ತು ಬಿಡುವಿಲ್ಲದವರು ವ್ಯಾಯಾಮದ ಆಸೆಯನ್ನೇ ಬಿಟ್ಟುಬಿಡುತ್ತಾರೆ. ಮಕ್ಕಳಿಗೆ ಡಬ್ಬಿ ಕಟ್ಟುವ ತಾಯಂದಿರು, ಏಳರ ಬಸ್ಸು ಹಿಡಿದು ಗಾರ್ಮೆಂಟ್ಸ್‌ಗೆ ಹೊರಡುವವರು, ರಾತ್ರಿ ಪಾಳಿ ಮುಗಿಸಿ ಬರುವವರು ಇದರಿಂದ ಸುಮ್ಮನೆ ನಷ್ಟಪಡುತ್ತಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರಿಗೆ ಹೇಳುವುದು ಇಷ್ಟು: ವಾರಕ್ಕೆ 150ರಿಂದ 300 ನಿಮಿಷ ಬಿರುಸು ನಡಿಗೆಯಂಥ ಚಟುವಟಿಕೆ, ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ಕಸರತ್ತು. ಇಂಥ ಹೊತ್ತಿಗೇ ಮಾಡಿ ಎಂಬ ಕಟ್ಟುಪಾಡು ಅದರಲ್ಲಿಲ್ಲ.

ಮುಂಜಾನೆಯ ಗಾಳಿಯೇ ಶುದ್ಧ ಎನ್ನುವುದು ತೋಟದ ದಾರಿಯಲ್ಲಿ ನಡೆಯುವವರಿಗೆ ಸರಿಯಿರಬಹುದು. ಚಳಿಗಾಲದ ನಗರದಲ್ಲಿ ಹಾಗಲ್ಲ. ರಾತ್ರಿ ನೆಲ ತಣ್ಣಗಾದಾಗ ಅದಕ್ಕೆ ತಾಗಿದ ಗಾಳಿಯೂ ತಣಿದು ಭಾರವಾಗುತ್ತದೆ; ಅದರ ಮೇಲೆ ಬೆಚ್ಚನೆಯ ಗಾಳಿಯ ಪದರವೊಂದು ಮುಚ್ಚಳದಂತೆ ಕೂರುತ್ತದೆ. ವಾಹನಗಳ ಹೊಗೆ, ರಸ್ತೆಯ ದೂಳು, ಕಸ ಸುಟ್ಟ ಘಾಟು ಎಲ್ಲವೂ ಮೂಗಿನ ಮಟ್ಟದಲ್ಲೇ ಉಳಿಯುತ್ತವೆ. ಬಿಸಿಲೇರಿ ನೆಲ ಕಾದ ಮೇಲಷ್ಟೇ ಅವು ಮೇಲೇರಿ ಚದುರುವುದು. ಮರಗಳು ನಸುಕಿನಲ್ಲಿ ಆಮ್ಲಜನಕ ಸುರಿಸುತ್ತವೆ ಎಂಬುದೂ ತಪ್ಪು; ಬೆಳಕಿಲ್ಲದೆ ಅವು ಆಮ್ಲಜನಕ ತಯಾರಿಸಲಾರವು. ಅಸ್ತಮಾ ಇರುವವರು ಡಿಸೆಂಬರ್, ಜನವರಿಯಲ್ಲಿ ಬಿಸಿಲು ಬಿದ್ದ ಮೇಲೆ ಹೊರಡುವುದೇ ಒಳ್ಳೆಯದು.

ಖಾಲಿ ಹೊಟ್ಟೆಯಲ್ಲಿ ನಡೆದರೆ ಆ ಹೊತ್ತಿನಲ್ಲಿ ದೇಹ ಕೊಬ್ಬನ್ನು ತುಸು ಹೆಚ್ಚು ಬಳಸುವುದು ನಿಜ. ಆದರೆ ಉಳಿದ ಹೊತ್ತಿನಲ್ಲಿ ಲೆಕ್ಕ ಸರಿಹೋಗುತ್ತದೆ. ತೂಕ ಇಳಿಯುವುದು ಒಟ್ಟು ಎಷ್ಟು ತಿಂದೆವು, ಎಷ್ಟು ದುಡಿದೆವು ಎಂಬುದರ ಮೇಲೆ. ಇನ್ಸುಲಿನ್ ತೆಗೆದುಕೊಳ್ಳುವವರು ಏನೂ ತಿನ್ನದೆ ಬಿರುಸಾಗಿ ನಡೆದರೆ ಸಕ್ಕರೆ ಅಪಾಯಕರವಾಗಿ ಇಳಿದೀತು. ಅವರು ವೈದ್ಯರನ್ನು ಕೇಳಿಯೇ ಹೊತ್ತು ಗೊತ್ತುಮಾಡಿಕೊಳ್ಳಲಿ, ಕಿಸೆಯಲ್ಲಿ ಸ್ವಲ್ಪ ಸಕ್ಕರೆಯಿರಲಿ.

ಸಂಜೆ ವ್ಯಾಯಾಮ ಮಾಡಿದರೆ ನಿದ್ದೆ ಕೆಡುತ್ತದೆ ಎಂದು ಹೆದರುವವರಿಗೂ ಸಮಾಧಾನವಿದೆ. ಮಲಗುವ ಒಂದು ಗಂಟೆಯೊಳಗೆ ಏದುಸಿರು ಬರುವಂಥ ಕಸರತ್ತು ಮಾಡದಿದ್ದರೆ ಹೆಚ್ಚಿನವರಿಗೆ ತೊಂದರೆಯಾಗದು. ದೇಹದ ತಾಪಮಾನವೂ ಸ್ನಾಯುಗಳ ಬಲವೂ ಏರಿರುವುದು ಸಾಮಾನ್ಯವಾಗಿ ಇಳಿಹೊತ್ತಿನಲ್ಲೇ. ಹಾಗೆಂದು ಬೆಳಗನ್ನು ತಳ್ಳಿಹಾಕುವಂತಿಲ್ಲ: ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಬಿಸಿಲೇರುವ ಮೊದಲೇ ಮುಗಿಸುವುದು ಜಾಣತನ.

ಇನ್ನು, ಉಂಡ ಕೂಡಲೇ ನಡೆಯಬಾರದು ಎಂಬ ಮಾತು. ಓಟ, ಭಾರ ಎತ್ತುವುದು ಖಂಡಿತ ಬೇಡ. ಮೆಲ್ಲನೆಯ ನಡಿಗೆ ಬೇರೆ. ಸರ್ವಜ್ಞನ ಹೆಸರಿನ ತ್ರಿಪದಿಯೊಂದು ಊಟದ ನಂತರ ನಡೆದಾಡಲು ಹೇಳಿರುವುದು ನಮ್ಮವರಿಗೆ ಗೊತ್ತೇ ಇದೆ. ಊಟದ ಬಳಿಕ ರಕ್ತದಲ್ಲಿ ಸಕ್ಕರೆ ಏರುವಾಗ, ಕೆಲಸ ಮಾಡುವ ಕಾಲಿನ ಸ್ನಾಯುಗಳು ಅದನ್ನು ಇನ್ಸುಲಿನ್ನಿನ ನೆರವನ್ನು ಅಷ್ಟಾಗಿ ಕಾಯದೆ ಎಳೆದುಕೊಳ್ಳುತ್ತವೆ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಟೈಪ್ 2 ಮಧುಮೇಹವಿದ್ದ 41 ಮಂದಿಯನ್ನು ಎರಡೂ ರೀತಿ ನಡೆಸಿ ನೋಡಿದರು. ದಿನಕ್ಕೊಮ್ಮೆ ಬೇಕಾದಾಗ 30 ನಿಮಿಷ ನಡೆದದ್ದಕ್ಕಿಂತ, ಮೂರು ಊಟದ ನಂತರವೂ ಹತ್ತು ಹತ್ತು ನಿಮಿಷ ನಡೆದಾಗ ಊಟದ ನಂತರದ ಸಕ್ಕರೆ ಸುಮಾರು ಶೇ. 12ರಷ್ಟು ಕಡಿಮೆಯಿತ್ತು. ರಾತ್ರಿಯೂಟದ ಬಳಿಕ ಅಂತರ ಇನ್ನೂ ದೊಡ್ಡದು, ಶೇ. 22. ಅನ್ನವೋ ಮುದ್ದೆಯೋ ತಟ್ಟೆ ತುಂಬ ಉಂಡು ನೇರ ಟಿವಿ ಮುಂದೆ ಕೂರುವ ನಮ್ಮ ಮನೆಗಳಿಗೆ ಇದಕ್ಕಿಂತ ಬೇಕಾದ ಸುದ್ದಿಯಿಲ್ಲ. ಪಾರ್ಕು, ಶೂ, ಅಲಾರಂ ಯಾವುದೂ ಬೇಡ. ಕತ್ತಲಲ್ಲಿ ಬೀದಿಗಿಳಿಯಲು ಅಂಜುವ ಹೆಣ್ಣುಮಕ್ಕಳಿಗೆ ತಾರಸಿಯ ಮೇಲಿನ ಹತ್ತು ನಿಮಿಷವೂ ಸಾಕು.