ಕೆಟ್ಟ ಹೊಡೆತಕ್ಕೆ ತಕ್ಕ ಐರನ್

ಗಾಲ್ಫ್ ನಿಯಮದ ಪ್ರಕಾರ ಒಂದು ಸುತ್ತಿನ ಆಟಕ್ಕೆ 14ಕ್ಕಿಂತ ಹೆಚ್ಚು ಕ್ಲಬ್ ಒಯ್ಯುವಂತಿಲ್ಲ. ಆ 14ರಲ್ಲಿ ಸರಿಸುಮಾರು ಅರ್ಧದಷ್ಟು ಐರನ್‌ಗಳೇ ಇರುತ್ತವೆ. ದೂರ ಬೀಸಲು ಡ್ರೈವರ್ ಇದೆ, ಗುಳಿಗೆ ಉರುಳಿಸಲು ಪಟರ್ ಇದೆ. ಅವೆರಡರ ನಡುವೆ ಚೆಂಡನ್ನು ಗ್ರೀನ್ ಮೇಲೆ ಇಳಿಸುವ ಕೆಲಸ ಬಹುಪಾಲು ಐರನ್‌ನದ್ದು. ಎರವಲು ಕ್ಲಬ್ಬುಗಳಲ್ಲಿ ಆಡಿ ಕೈ ಕುದುರಿಸಿಕೊಂಡ ಹವ್ಯಾಸಿ ಸ್ವಂತದ ಸೆಟ್ ಕೊಳ್ಳಲು ಹೊರಟರೆ ಅಂಗಡಿಯಲ್ಲಿ ಎರಡು ಬಗೆಯ ಐರನ್ ಎದುರಾಗುತ್ತವೆ. ಒಂದು ಸಾಂಪ್ರದಾಯಿಕ ಬ್ಲೇಡ್: ಮೆದು ಉಕ್ಕನ್ನು ಬಡಿದು ರೂಪಿಸಿದ, ತೆಳ್ಳನೆಯ, ಹಿಂಬದಿ ತುಂಬಿಕೊಂಡ, ನೋಡಿದೊಡನೆ ಮನಸೆಳೆಯುವ ತಲೆ. ಇನ್ನೊಂದು ಕ್ಯಾವಿಟಿ ಬ್ಯಾಕ್: ಹಿಂಬದಿಯಲ್ಲಿ ಹಳ್ಳ ತೋಡಿ, ಅಲ್ಲಿಂದ ತೆಗೆದ ಲೋಹವನ್ನು ಅಂಚುಗಳಿಗೂ ಅಡಿಗೂ ಹಂಚಿದ, ತುಸು ದಪ್ಪನೆಯ ತಲೆ. ತಪ್ಪನ್ನು ಮನ್ನಿಸುವ ಐರನ್ ಎಂದು ಆಟಗಾರರು ಕರೆಯುವುದು ಈ ಎರಡನೆಯದನ್ನು. ನನ್ನ ವಾದ ಸರಳವಾದದ್ದು. ಐರನ್ ಆರಿಸಬೇಕಾದದ್ದು ನಮ್ಮ ಅತ್ಯುತ್ತಮ ಹೊಡೆತವನ್ನು ನೆನೆದಲ್ಲ, ನಮ್ಮ ಮಾಮೂಲಿ ತಪ್ಪನ್ನು ನೋಡಿ. ಹಾಗೆ ನೋಡಿ ಆರಿಸಿದರೆ ಬಹುಪಾಲು ಹವ್ಯಾಸಿಗಳ ಕೈ ಕ್ಯಾವಿಟಿ ಬ್ಯಾಕ್ ಕಡೆಗೇ ಹೋಗಬೇಕು.

ಈ ಬಗೆಯ ಕ್ಲಬ್ಬನ್ನು ಜನಪ್ರಿಯಗೊಳಿಸಿದ್ದು ಒಬ್ಬ ತಡವಾಗಿ ಕಲಿತ ಹವ್ಯಾಸಿ ಎಂಬುದು ಗಮನಿಸಬೇಕಾದ ಸಂಗತಿ. ನಾರ್ವೆಯಲ್ಲಿ 1911ರಲ್ಲಿ ಹುಟ್ಟಿ, ಎಳವೆಯಲ್ಲೇ ಅಮೆರಿಕಕ್ಕೆ ಹೋದ ಕಾರ್ಸ್ಟನ್ ಸೋಲ್‌ಹೈಮ್ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದರು. ಅವರು ಗಾಲ್ಫ್ ಕೋಲು ಹಿಡಿದದ್ದೇ 42ನೇ ವಯಸ್ಸಿನಲ್ಲಿ. ಪಟಿಂಗ್ ಕೈಗೆ ಹತ್ತಲಿಲ್ಲ. ತಪ್ಪೆಲ್ಲ ತನ್ನ ಕೈಯದೇ ಎಂದು ಒಪ್ಪಿಕೊಂಡು ಸುಮ್ಮನಾಗದೆ, ಕ್ಲಬ್ಬಿನ ತೂಕ ಎಲ್ಲಿದೆ ಎಂದು ಅವರು ಕೇಳಿಕೊಂಡರು. ತೂಕವನ್ನು ನಡುವಿನಿಂದ ಎರಡೂ ತುದಿಗಳಿಗೆ ಸರಿಸಿದ ಪಟರ್ 1959ರಲ್ಲಿ ಸಿದ್ಧವಾಯಿತು. ಚೆಂಡಿಗೆ ತಾಗಿದಾಗ ಅದು ಹೊರಡಿಸುತ್ತಿದ್ದ ಸದ್ದಿನಿಂದಲೇ ಪಿಂಗ್ ಎಂಬ ಹೆಸರು ಬಂತು. ಅದೇ ತತ್ವವನ್ನು ಅವರು ಐರನ್‌ಗಳಿಗೂ ತಂದರು. ಬಡಿದು ರೂಪಿಸುವುದರ ಬದಲು ಮೇಣದಚ್ಚಿನ ಎರಕದ ವಿಧಾನ ಹಿಡಿದದ್ದರಿಂದ ಬೇಕಾದ ಜಾಗದಲ್ಲಿ ಬೇಕಾದಷ್ಟೇ ಲೋಹ ಇಡುವುದು ಸುಲಭವಾಯಿತು. 1982ರಲ್ಲಿ ಬಂದ ಪಿಂಗ್ ಐ2 ಐರನ್‌ಗಳು ಜಗತ್ತಿನಾದ್ಯಂತ ಮಾರಾಟವಾದವು. ಇಂದು ಬಹುತೇಕ ಎಲ್ಲ ಕಂಪನಿಗಳ ಪಟ್ಟಿಯಲ್ಲೂ ಆ ವಂಶದ ಐರನ್‌ಗಳಿವೆ.

ತೂಕ ಅಂಚಿಗೆ ಹೋದರೆ ಏನಾಗುತ್ತದೆ? ಚೆಂಡು ಐರನ್ ಮುಖದ ನಟ್ಟನಡುವೆ ತಗಲದೆ ತುದಿಯ ಕಡೆಗೋ ಶಾಫ್ಟ್ ಕಡೆಗೋ ತಗಲಿದಾಗ ತಲೆ ತಿರುಚಿಕೊಳ್ಳುತ್ತದೆ. ಆ ತಿರುಚಿನಲ್ಲಿ ಚೆಂಡಿಗೆ ಹೋಗಬೇಕಾದ ವೇಗದ ಒಂದು ಪಾಲು ಸೋರಿಹೋಗುತ್ತದೆ, ದಿಕ್ಕೂ ಕೆಡುತ್ತದೆ. ಹಗ್ಗದ ಮೇಲೆ ನಡೆಯುವ ದೊಂಬರ ಹುಡುಗಿ ಉದ್ದನೆಯ ಗಳು ಹಿಡಿಯುವುದು ಏಕೆಂದು ಯೋಚಿಸಿದರೆ ಉತ್ತರ ಸಿಗುತ್ತದೆ: ಭಾರ ನಡುವಿನಿಂದ ದೂರವಿದ್ದಷ್ಟೂ ವಸ್ತು ಸುಲಭಕ್ಕೆ ತಿರುಗುವುದಿಲ್ಲ. ಕ್ಯಾವಿಟಿ ಬ್ಯಾಕ್ ಮಾಡುವುದು ಇಷ್ಟನ್ನೇ. ಆದರೆ ಇದರ ಪ್ರಮಾಣವನ್ನು ಉತ್ಪ್ರೇಕ್ಷಿಸಬಾರದು. ಐರನ್ ತಲೆಯ ತೂಕ ಸುಮಾರು 270 ಗ್ರಾಂ, ಚೆಂಡಿನದು ನಿಯಮದ ಗರಿಷ್ಠ ಮಿತಿಯಾದ 45.93 ಗ್ರಾಂ ಎಂದಿಟ್ಟುಕೊಂಡು ಭೌತಶಾಸ್ತ್ರದ ಸರಳ ಲೆಕ್ಕ ಹಾಕಿದರೆ, ನಡುವಿನಿಂದ ಒಂದೂವರೆ ಸೆಂಟಿಮೀಟರ್ ಆಚೆ ತಗಲಿದ ಚೆಂಡು ಬ್ಲೇಡಿನಲ್ಲಿ ಸುಮಾರು ಶೇ 4ರಷ್ಟು ವೇಗ ಕಳೆದುಕೊಳ್ಳುತ್ತದೆ, ಕ್ಯಾವಿಟಿ ಬ್ಯಾಕ್‌ನಲ್ಲಿ ಸುಮಾರು ಶೇ 3ರಷ್ಟು. ಅಂತರ ಜಾಹೀರಾತಿನ ಮಾತಿನಷ್ಟು ದೊಡ್ಡದಲ್ಲ. ಒಂದು ಹೊಡೆತದಲ್ಲಿ ಅದು ಕೆಲವೇ ಹೆಜ್ಜೆಗಳ ಮಾತು. ಆದರೂ ಗ್ರೀನಿನ ಮುಂದೆ ಬಂಕರ್ ಇರುವ ಕಡೆ ಆ ಕೆಲವು ಹೆಜ್ಜೆಗಳೇ ಚೆಂಡು ಮರಳಿಗೆ ಬೀಳುವುದೋ ಹುಲ್ಲಿಗೆ ಬೀಳುವುದೋ ಎಂಬುದನ್ನು ತೀರ್ಮಾನಿಸುತ್ತವೆ. ಹದಿನೆಂಟು ಗುಳಿಗಳಲ್ಲಿ ಇಂಥ ಸಂದರ್ಭ ಮತ್ತೆ ಮತ್ತೆ ಬರುತ್ತದೆ.

ಅಡ್ಡಡ್ಡ ತಪ್ಪಿಗಿಂತ ಮೇಲೆ ಕೆಳಗಿನ ತಪ್ಪು ಹವ್ಯಾಸಿಯನ್ನು ಹೆಚ್ಚು ಕಾಡುತ್ತದೆ, ಮನ್ನಿಸುವ ಐರನ್‌ನ ನಿಜವಾದ ಉಪಕಾರವೂ ಅಲ್ಲೇ ಇದೆ. ಚೆಂಡಿನ ಹೊಟ್ಟೆಗೆ ಹೊಡೆದರೆ ಅದು ಐರನ್ ಮುಖದ ಕೆಳಭಾಗಕ್ಕೆ ತಗಲಿ ಮೇಲೇಳದೆ ಓಡುತ್ತದೆ. ಕ್ಯಾವಿಟಿ ಬ್ಯಾಕ್‌ನಲ್ಲಿ ತೂಕ ಅಡಿಗೆ ಇಳಿದಿರುವುದರಿಂದ ಗುರುತ್ವ ಕೇಂದ್ರವೂ ಕೆಳಗಿರುತ್ತದೆ. ಮುಖದಲ್ಲಿ ತುಸು ಕೆಳಗೆ ತಗಲಿದ ಚೆಂಡೂ ಗಾಳಿಗೇರುತ್ತದೆ. ಇನ್ನೊಂದು ತಪ್ಪು ಚೆಂಡಿಗಿಂತ ಮೊದಲೇ ನೆಲಕ್ಕೆ ಹೊಡೆಯುವುದು. ಕಿರಿದಾದ, ಚೂಪು ಅಂಚಿನ ಬ್ಲೇಡ್ ಮಣ್ಣಿಗೆ ಹೂತುಕೊಂಡು ಅಲ್ಲೇ ನಿಲ್ಲುತ್ತದೆ. ಅಗಲ ಅಡಿಯ ಐರನ್ ಹುಲ್ಲಿನ ಮೇಲೆ ಜಾರಿ ಚೆಂಡಿನವರೆಗೆ ಬರುತ್ತದೆ. ಮಳೆಗಾಲದಲ್ಲಿ ನೆಲ ಮೆತ್ತಗಾದಾಗ ಈ ವ್ಯತ್ಯಾಸ ಸ್ಪಷ್ಟವಾಗಿ ಕಾಣುತ್ತದೆ. ಬೇಸಿಗೆಯಲ್ಲಿ ಒಣಗಿ ಗಟ್ಟಿಯಾದ ನೆಲದ ಮೇಲೆ ತೀರಾ ಅಗಲದ ಅಡಿ ಪುಟಿದು ಚೆಂಡಿನ ತಲೆಗೆ ಬಡಿಯಬಹುದು, ನಿಜ. ಅದಕ್ಕೇ ಅತಿ ದಪ್ಪನೆಯ ಐರನ್ ಎಲ್ಲರಿಗೂ ಒಗ್ಗುವುದಿಲ್ಲ. ಆದರೆ ಆಗಾಗ ನೆಲ ಅಗೆಯುವ ಆಟಗಾರನಿಗೆ ಮಧ್ಯಮ ಅಗಲದ ಅಡಿಯಿಂದ ಲಾಭವೇ ಹೆಚ್ಚು.

ನನ್ನ ವಾದಕ್ಕೆ ಎದುರಾಗಿ ಮೊದಲು ಕೇಳಿಬರುವ ಆಕ್ಷೇಪ, ದೊಡ್ಡ ಆಟಗಾರರು ಬ್ಲೇಡ್ ಬಳಸುತ್ತಾರಲ್ಲ ಎಂಬುದು. ಟೈಗರ್ ವುಡ್ಸ್ ತಮ್ಮ ಹೆಸರು ಹೊತ್ತ ಬ್ಲೇಡುಗಳಲ್ಲಿ ಆಡಿದ್ದಾರೆ, ಸ್ಕಾಟಿ ಶೆಫ್ಲರ್ ಕೂಡ ಅವೇ ಬ್ಲೇಡುಗಳನ್ನು ಹಿಡಿದು ಮೇಜರ್ ಪ್ರಶಸ್ತಿಗಳನ್ನು ಗೆದ್ದಿದ್ದಾರೆ. ಆದರೆ ಮಾರ್ಕ್ ಕ್ಯಾಲ್ಕವೆಕಿಯಾ 1989ರ ಬ್ರಿಟಿಷ್ ಓಪನ್ ಗೆದ್ದದ್ದು ಪಿಂಗ್ ಐ2 ಐರನ್‌ಗಳಿಂದ. ಇಂದಿನ ವೃತ್ತಿಪರರಲ್ಲೂ ಕ್ಯಾವಿಟಿ ಬ್ಯಾಕ್ ಹಿಡಿದವರು ಬಹಳ ಮಂದಿ. ಅದಕ್ಕಿಂತ ಮುಖ್ಯವಾದದ್ದು ಹೋಲಿಕೆಗೆ ಯಾರನ್ನು ಆರಿಸಿಕೊಳ್ಳುತ್ತೇವೆ ಎಂಬುದು. ಟ್ರ್ಯಾಕ್‌ಮ್ಯಾನ್ ರೇಡಾರ್ ಕಂಪನಿ ಪ್ರಕಟಿಸಿದ ಸರಾಸರಿಗಳ ಪ್ರಕಾರ ಅಮೆರಿಕದ ಪುರುಷರ ಟೂರ್‌ನಲ್ಲಿ 7 ಐರನ್ ಬೀಸುವ ವೇಗ ಗಂಟೆಗೆ ಸುಮಾರು 90 ಮೈಲಿ. ಮಹಿಳೆಯರ ಎಲ್‌ಪಿಜಿಎ ಟೂರ್‌ನಲ್ಲಿ ಅದು ಸುಮಾರು 76 ಮೈಲಿ. ವಾರಕ್ಕೊಮ್ಮೆ ಆಡುವ ಗಂಡಸರ ಬೀಸು ಶೆಫ್ಲರ್‌ಗಿಂತ ಈ ಎರಡನೆಯ ಗುಂಪಿಗೇ ಹತ್ತಿರ. ಅವರಂತೆ ಪ್ರತಿಸಲವೂ ನಡುವಿಗೇ ಹೊಡೆಯುವ ಕೌಶಲವಂತೂ ನಮ್ಮಲ್ಲಿಲ್ಲ. ಅಷ್ಟು ನಿಖರವಾಗಿ ಆಡುವ ಎಲ್‌ಪಿಜಿಎ ಆಟಗಾರ್ತಿಯರಲ್ಲೇ ಅನೇಕರು ಕ್ಯಾವಿಟಿ ಬ್ಯಾಕ್ ಐರನ್‌ಗಳನ್ನೂ ಉದ್ದದ ಐರನ್‌ಗಳ ಜಾಗದಲ್ಲಿ ಹೈಬ್ರಿಡ್‌ಗಳನ್ನೂ ಒಯ್ಯುತ್ತಾರೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾಗಿ, ಒಂದೇ ಹೊಡೆತದಿಂದ ಪದಕ ತಪ್ಪಿಸಿಕೊಂಡ ಬೆಂಗಳೂರಿನ ಅದಿತಿ ಅಶೋಕ್ ತಮಗಿಂತ ಬಹಳ ದೂರ ಹೊಡೆಯುವವರೊಡನೆ ಸರಿಸಮನಾಗಿ ನಿಂತದ್ದು ನಿಖರತೆ ಮತ್ತು ಪಟಿಂಗ್ ಬಲದಿಂದ. ತನ್ನ ಬೀಸಿಗೆ ಏನು ಸಾಧ್ಯವೋ ಅದರ ಸುತ್ತ ಆಟ ಕಟ್ಟಿಕೊಳ್ಳುವ ಆ ವಿವೇಕ ಹವ್ಯಾಸಿಗೆ ಹೆಚ್ಚು ಉಪಯುಕ್ತವಾದ ಮಾದರಿ.

ಎರಡನೆಯ ಆಕ್ಷೇಪ ಹಳೆಯ ತಲೆಮಾರಿನ ತರಬೇತುದಾರರಿಂದಲೂ ಬರುತ್ತದೆ. ಬ್ಲೇಡ್ ತಪ್ಪನ್ನು ಮುಚ್ಚಿಡುವುದಿಲ್ಲ, ಕೈಗೆ ಜುಮ್ಮೆನ್ನಿಸಿ ತಿದ್ದುತ್ತದೆ, ಆದ್ದರಿಂದ ಅದರಲ್ಲಿ ಕಲಿತವನೇ ಗಟ್ಟಿಯಾಗುತ್ತಾನೆ ಎನ್ನುತ್ತಾರೆ ಅವರು. ಇದರಲ್ಲಿ ಅರ್ಧ ಸತ್ಯವಿದೆ. ತಪ್ಪಿನ ಸುದ್ದಿ ಕಲಿಯುವವನಿಗೆ ಬೇಕೇ ಬೇಕು. ಆದರೆ ಕೈ ಜುಮ್ಮೆಂದಾಗ ತಪ್ಪಾಯಿತು ಎಂದು ತಿಳಿಯುತ್ತದೆಯೇ ಹೊರತು, ಏಕೆ ತಪ್ಪಾಯಿತು ಎಂದು ತಿಳಿಯುವುದಿಲ್ಲ. ಐರನ್ ಮುಖಕ್ಕೆ ಇಂಪ್ಯಾಕ್ಟ್ ಟೇಪ್ ಅಂಟಿಸಿದರೆ ಅಥವಾ ತೆಳುವಾಗಿ ಪೌಡರ್ ಸ್ಪ್ರೇ ಹೊಡೆದರೆ ಚೆಂಡು ತಗಲಿದ ಜಾಗ ಕಣ್ಣಿಗೇ ಕಾಣುತ್ತದೆ. ಕೈಗೆ ಸಿಗುವ ಸುಳಿವಿಗಿಂತ ಅದು ಎಷ್ಟೋ ಖಚಿತ, ಮತ್ತು ಯಾವ ಐರನ್‌ನಲ್ಲೂ ಅದನ್ನು ಮಾಡಬಹುದು. ಜೊತೆಗೆ, ದಿನವೂ ನೂರಾರು ಚೆಂಡು ಹೊಡೆಯುವ ಎಳೆಯರಿಗೆ ಬ್ಲೇಡಿನ ಪಾಠ ಹತ್ತಬಹುದು. ಕೆಲಸದ ವಾರ ಮುಗಿಸಿ ಭಾನುವಾರ ಬೆಳಗ್ಗೆ ಬರುವವರಿಗೆ ಆ ಪಾಠ ಪೂರ್ತಿಯಾಗುವಷ್ಟು ಅಭ್ಯಾಸವೇ ಇರುವುದಿಲ್ಲ. ಸಾಲು ಸಾಲಾಗಿ ಹೊಡೆತ ಕೆಟ್ಟರೆ ಅವರು ಹೆದರಿ ಬೀಸು ಬಿಗಿ ಮಾಡಿಕೊಳ್ಳುತ್ತಾರೆ, ಚೆಂಡನ್ನು ಕೈಯಾರೆ ಎತ್ತಿಕೊಡಲು ಹೋಗುತ್ತಾರೆ. ಹೊಸದೊಂದು ದುರಭ್ಯಾಸ ಶುರುವಾಗುವುದು ಹೀಗೆಯೇ.

ಬ್ಲೇಡಿನ ಮೆದುವಾದ ಸ್ಪರ್ಶಕ್ಕೂ ಚೆಂಡನ್ನು ಎಡಕ್ಕೆ ಬಲಕ್ಕೆ ಬಾಗಿಸುವ ಸ್ವಾತಂತ್ರ್ಯಕ್ಕೂ ಮನಸೋತವರಿದ್ದಾರೆ. ಆ ಸ್ಪರ್ಶದ ಸುಖ ನಿಜವಾದದ್ದು, ಅದನ್ನು ಅಲ್ಲಗಳೆಯುವ ಉದ್ದೇಶ ನನಗಿಲ್ಲ. ಆದರೆ ಚೆಂಡು ಮತ್ತು ಕ್ಲಬ್ಬು ಒಂದಕ್ಕೊಂದು ತಾಗಿರುವುದು ಸೆಕೆಂಡಿನ 2,000ದಲ್ಲಿ ಒಂದು ಪಾಲು ಹೊತ್ತು ಮಾತ್ರ. ಸ್ಪರ್ಶ ಮನಸ್ಸಿಗೆ ಮುಟ್ಟುವ ಹೊತ್ತಿಗೆ ಚೆಂಡು ಹೊರಟುಹೋಗಿರುತ್ತದೆ. ನಾವು ಮೆದು ಎನ್ನುವುದರಲ್ಲಿ ಸದ್ದಿನ ಪಾಲೂ ದೊಡ್ಡದು. ಚೆಂಡು ಬಾಗುವುದಾದರೂ ತಾಗುವ ಗಳಿಗೆಯಲ್ಲಿ ಕ್ಲಬ್ಬಿನ ಮುಖ ಯಾವ ಕಡೆಗಿತ್ತು, ಬೀಸು ಯಾವ ದಾರಿಯಲ್ಲಿ ಬಂತು ಎಂಬ ಎರಡರ ವ್ಯತ್ಯಾಸದಿಂದ. ನಡುವಿಗೆ ತಗಲಿದ ಚೆಂಡನ್ನು ಬಾಗಿಸಲು ಹಿಂಬದಿಯ ಹಳ್ಳ ಅಡ್ಡಿ ಮಾಡುವುದಿಲ್ಲ. ನೇರ ಹೊಡೆತವೇ ಇನ್ನೂ ಕೈವಶವಾಗದವರು ಬೇಕೆಂದಾಗ ಬಾಗಿಸುವ ಸ್ವಾತಂತ್ರ್ಯಕ್ಕಾಗಿ ದುಡ್ಡು ತೆರುವುದರಲ್ಲಿ ಅರ್ಥವಿಲ್ಲ.

ನಿಜಕ್ಕೂ ಬಲವಾದ ಆಕ್ಷೇಪ ಬೇರೆಯೇ ಇದೆ. ಅದು ಲಾಫ್ಟ್‌ಗೆ, ಅಂದರೆ ಐರನ್ ಮುಖದ ಓರೆಗೆ ಸಂಬಂಧಿಸಿದ್ದು. ಸಾಂಪ್ರದಾಯಿಕ 7 ಐರನ್‌ನ ಲಾಫ್ಟ್ ಸುಮಾರು 34 ಡಿಗ್ರಿ. ಇಂದಿನ ಅನೇಕ ಮನ್ನಿಸುವ ಐರನ್‌ಗಳಲ್ಲಿ ಅದೇ 7 ಎಂಬ ಅಂಕಿ ಹೊತ್ತ ಕ್ಲಬ್ಬಿನ ಲಾಫ್ಟ್ 28ರಿಂದ 30 ಡಿಗ್ರಿ. ಓರೆ ಕಡಿಮೆಯಾದಷ್ಟೂ ಚೆಂಡು ದೂರ ಹೋಗುತ್ತದೆ, ಅಂಗಡಿಯ ಪರದೆಯಲ್ಲಿ ಅಂಕಿ ದೊಡ್ಡದಾಗಿ ಕಾಣುತ್ತದೆ, ಕೊಳ್ಳುವವನು ಹಿಗ್ಗುತ್ತಾನೆ. ಆದರೆ ಅದು ಹೆಚ್ಚುಕಡಿಮೆ ಹಳೆಯ 5 ಅಥವಾ 6 ಐರನ್‌ಗೇ 7 ಎಂದು ಮುದ್ರೆ ಒತ್ತಿದಂತೆ. ಗುರುತ್ವ ಕೇಂದ್ರ ಕೆಳಗಿರುವುದರಿಂದ ಚೆಂಡೇನೋ ಏರುತ್ತದೆ. ಹಿಂದಕ್ಕೆ ತಿರುಗುವ ಸ್ಪಿನ್ ಮಾತ್ರ ಕಡಿಮೆಯಾಗಿ ಗ್ರೀನ್ ಮೇಲೆ ನಿಲ್ಲದೆ ಉರುಳಿಹೋಗಬಹುದು. ಇಂಥ ಸೆಟ್‌ನ ಪಿಚಿಂಗ್ ವೆಜ್ 43 ಡಿಗ್ರಿಯಿದ್ದು ಸ್ಯಾಂಡ್ ವೆಜ್ 56 ಡಿಗ್ರಿಯಿದ್ದರೆ ಅವೆರಡರ ನಡುವಿನ ದೂರಕ್ಕೆ ಕ್ಲಬ್ಬೇ ಇಲ್ಲದಂತಾಗಿ, ಇನ್ನೊಂದು ವೆಜ್ ಕೊಳ್ಳಬೇಕಾಗುತ್ತದೆ. ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಇದು ದೂರದ ವ್ಯಾಮೋಹಕ್ಕೆ ಹಾಕಬೇಕಾದ ಆಕ್ಷೇಪ. ಅಂಚಿಗೆ ತೂಕ ಹಂಚಿದ್ದರಿಂದ ಬಂದ ದೋಷವಲ್ಲ. ಸಾಧಾರಣ ಲಾಫ್ಟ್ ಇರುವ ಕ್ಯಾವಿಟಿ ಬ್ಯಾಕ್‌ಗಳೂ ಮಾರುಕಟ್ಟೆಯಲ್ಲಿವೆ. ಕೊಳ್ಳುವ ಮುನ್ನ ಪ್ರತಿ ಕ್ಲಬ್ಬಿನ ಡಿಗ್ರಿ ಕೇಳಿ, ಬರೆದುಕೊಂಡು, ಚೀಲದಲ್ಲಿರುವ ವೆಜ್‌ಗಳ ಜೊತೆ ತಾಳೆ ನೋಡುವುದೊಂದೇ ಇದಕ್ಕೆ ಪರಿಹಾರ.

ಹಾಗಾದರೆ ಆರಿಸುವುದು ಹೇಗೆ? ಬೆಂಗಳೂರಿನಲ್ಲಿ 1876ರಲ್ಲೇ ಗಾಲ್ಫ್ ಕ್ಲಬ್ ಹುಟ್ಟಿತ್ತು; ಇಂದು ಬೆಂಗಳೂರು, ಮೈಸೂರು, ಚಿಕ್ಕಮಗಳೂರು, ಕೊಡಗಿನಲ್ಲೆಲ್ಲ ಕೋರ್ಸ್‌ಗಳಿವೆ. ಹೊಡೆದು ನೋಡದೆ ಕೊಳ್ಳುವ ಅನಿವಾರ್ಯ ನಮ್ಮಲ್ಲಿ ಅನೇಕರಿಗೆ ಇಲ್ಲ. ಎರಡೂ ಬಗೆಯ 7 ಐರನ್ ಹಿಡಿದು, ಸಾಧ್ಯವಾದರೆ ಹುಲ್ಲಿನ ಮೇಲಿಂದಲೇ ಹೊಡೆಯಬೇಕು. ರೇಂಜಿನ ಮ್ಯಾಟ್ ಮೇಲೆ ಐರನ್ ಜಾರುವುದರಿಂದ ನೆಲ ಅಗೆಯುವ ತಪ್ಪು ಅಲ್ಲಿ ಬಚ್ಚಿಟ್ಟುಕೊಳ್ಳುತ್ತದೆ. ಅತಿ ದೂರ ಹೋದ ಚೆಂಡನ್ನು ಲೆಕ್ಕಕ್ಕೆ ಹಿಡಿಯದೆ, ಕೆಟ್ಟದಾಗಿ ತಗಲಿದವು ಎಲ್ಲಿ ಬಿದ್ದವು, ಒಳ್ಳೆಯದಕ್ಕೂ ಕೆಟ್ಟದಕ್ಕೂ ನಡುವೆ ಎಷ್ಟು ಅಂತರ ಎಂದು ನೋಡಬೇಕು. ಆ ಅಂತರ ಯಾವುದರಲ್ಲಿ ಚಿಕ್ಕದೋ ಅದೇ ನಿಮ್ಮ ಐರನ್. ಇಡೀ ಸೆಟ್ ಒಂದೇ ಜಾತಿಯದಾಗಿರಬೇಕು ಎಂಬ ಕಟ್ಟುಪಾಡೂ ಇಲ್ಲ. ನಿಯಂತ್ರಿಸಲು ಕಷ್ಟವಾದ 4, 5ರ ಜಾಗದಲ್ಲಿ ಹೈಬ್ರಿಡ್ ಅಥವಾ ಅಗಲ ಅಡಿಯ ಐರನ್ ಇಟ್ಟುಕೊಂಡು, 9 ಮತ್ತು ವೆಜ್‌ಗೆ ತೆಳುವಾದವನ್ನು ಆರಿಸಿಕೊಂಡರೆ ಎರಡರ ಗುಣವೂ ದಕ್ಕುತ್ತದೆ.

ಬ್ಲೇಡ್ ಯಾರೂ ಕೊಳ್ಳಬಾರದೆಂದು ನಾನು ಹೇಳುತ್ತಿಲ್ಲ. ಹ್ಯಾಂಡಿಕ್ಯಾಪ್ ಒಂದಂಕಿಗೆ ಇಳಿದು, ಚೆಂಡು ತಗಲುವ ಜಾಗ ಒಂದು ನಾಣ್ಯದಗಲದಲ್ಲಿ ಒಟ್ಟುಗೂಡುವಂತಾದವರು ಅದನ್ನು ಹಿಡಿಯಲಿ. ಅಂಕಪಟ್ಟಿಯ ಹಂಗಿಲ್ಲದೆ ಆ ಉಕ್ಕಿನ ಚೆಲುವಿಗಾಗಿಯೇ ಆಡುವವರೂ ತಿಳಿದೇ ಕೊಳ್ಳಲಿ. ಆದರೆ ದುಬಾರಿ ಸೆಟ್‌ಗೆ ಹಣ ಹೊಂದಿಸಿಕೊಂಡ ಸಾಮಾನ್ಯ ಹವ್ಯಾಸಿ, ದಪ್ಪ ಐರನ್ ಹಿಡಿದರೆ ಕಂಡವರು ಹಗುರವಾಗಿ ನೋಡಿಯಾರೆಂಬ ಸಂಕೋಚದಿಂದ ಬ್ಲೇಡ್ ಕೊಳ್ಳುವುದು ನಷ್ಟದ ವ್ಯಾಪಾರ. ಅಂಕಪಟ್ಟಿಯಲ್ಲಿ ಹೊಡೆತಗಳ ಸಂಖ್ಯೆ ಬರೆಯುತ್ತೇವೆಯೇ ಹೊರತು ಯಾವ ಐರನ್‌ನಿಂದ ಹೊಡೆದೆವು ಎಂದು ಬರೆಯುವುದಿಲ್ಲ. ಒಂದೆರಡು ವರ್ಷ ಹಳೆಯ ಮಾದರಿಯ, ಮಧ್ಯಮ ದಪ್ಪದ, ಸಾಧಾರಣ ಲಾಫ್ಟ್‌ನ ಕ್ಯಾವಿಟಿ ಬ್ಯಾಕ್ ಕೊಂಡು, ಉಳಿದ ಹಣವನ್ನು ಒಳ್ಳೆಯ ತರಬೇತುದಾರರ ಬಳಿ ಕೆಲವು ಪಾಠಗಳಿಗೆ ಹಾಕುವುದು ಜಾಣತನ. ಮನ್ನಿಸುವ ಐರನ್ ತಪ್ಪಿನ ಬೆಲೆಯನ್ನು ತುಸು ಇಳಿಸೀತು. ತಪ್ಪನ್ನೇ ಕಡಿಮೆ ಮಾಡುವುದು ಕಲಿಕೆಯಿಂದ ಮಾತ್ರ ಸಾಧ್ಯ.