ಮಾತ್ರೆಯೋ, ಸೂಜಿಯೋ?

ರಾತ್ರಿ ಮಲಗುವಾಗ ಎರಡೂ ಕಿವಿ ಚೆನ್ನಾಗಿದ್ದವು. ಬೆಳಿಗ್ಗೆ ಏಳುವಾಗ ಒಂದು ಕಿವಿ ಕೇಳುವುದೇ ಇಲ್ಲ. ಹೀಗೂ ಆಗುತ್ತದೆ, ಅಕ್ಕಂದಿರೇ. ಇದು ದಿಢೀರ್ ಕಿವುಡು. ನಾವೇನು ಮಾಡ್ತೀವಿ? ನೆಗಡಿ ಇರಬೇಕು, ಗುಗ್ಗೆ ಕಟ್ಟಿರಬೇಕು ಅಂತ ಬಿಸಿ ಎಣ್ಣೆ ಬಿಡ್ತೀವಿ. ವಾರಗಟ್ಟಲೆ ಕಾಯ್ತೀವಿ. ಹಾಗೆ ಕಾಯಬಾರದು. ತಡವಾದಷ್ಟೂ ಗುಣವಾಗುವುದು ಕಷ್ಟ. ಕೂಡಲೇ ಕಿವಿ ಡಾಕ್ಟರ ಹತ್ತಿರ ಹೋಗಬೇಕು.

ಇದಕ್ಕೆ ಸ್ಟೀರಾಯ್ಡ್ ಎಂಬ ಔಷಧಿ ಕೊಡುತ್ತಾರೆ. ಮಾತ್ರೆಯಾಗಿ ನುಂಗಬಹುದು. ಇಲ್ಲವೇ ಕಿವಿಯ ತಮಟೆಯ ಮೂಲಕ ಒಳಕ್ಕೆ ಸೂಜಿಯಲ್ಲಿ ಹಾಕಬಹುದು. ಮಾತ್ರೆ ಹಳೆಯದು, ಅಗ್ಗ. ಸೂಜಿಗೆ ಖರ್ಚು ಹೆಚ್ಚು. ಯಾವುದು ಮೇಲು?

ಪರೀಕ್ಷೆ ಮಾಡಿಯೇ ತಿಳಿಯಬೇಕು. ಅದಕ್ಕೆ ಬಹಳ ಹಣ ಬೇಕು. ಹಳೆಯ ಅಗ್ಗದ ಮಾತ್ರೆಯಿಂದ ಔಷಧಿ ಕಂಪನಿಗೆ ಏನು ಲಾಭ? ಅದು ಯಾಕೆ ಹಣ ಹಾಕೀತು? ಇಂಥ ಕಡೆ ಸರ್ಕಾರವೇ ಮುಂದೆ ಬರಬೇಕು.

ಅಮೆರಿಕದಲ್ಲಿ ಹಾಗೇ ಆಯಿತು. ಅಲ್ಲಿ ಕಿವಿ ಮತ್ತು ಮಾತಿನ ತೊಂದರೆಗಳಿಗೆಂದೇ ಸರ್ಕಾರದ ಒಂದು ಸಂಸ್ಥೆ ಇದೆ. 1988ರಲ್ಲಿ ಶುರುವಾದದ್ದು. ಅದು ಕೊಟ್ಟ ಹಣದಿಂದ 16 ಕಡೆ ಪರೀಕ್ಷೆ ನಡೆಯಿತು. 250 ರೋಗಿಗಳು ಸೇರಿದರು. ಯಾರಿಗೆ ಮಾತ್ರೆ, ಯಾರಿಗೆ ಸೂಜಿ ಎಂಬುದನ್ನು ಡಾಕ್ಟರು ಆರಿಸಲಿಲ್ಲ. ಚೀಟಿ ಎತ್ತಿದ ಹಾಗೆ ಹಂಚಿದರು. ಡಾಕ್ಟರೇ ಆರಿಸಿದರೆ ತಮಗೆ ಬೇಕಾದ ಕಡೆಗೆ ತಕ್ಕಡಿ ವಾಲೀತು, ನೋಡಿ!

2011ರಲ್ಲಿ ಫಲಿತಾಂಶ ಹೊರಬಂತು. ಎರಡೂ ಗುಂಪಿಗೆ ಸುಮಾರು 30 ಡೆಸಿಬೆಲ್‌ನಷ್ಟು ಕೇಳುವ ಶಕ್ತಿ ಮರಳಿತ್ತು. ಡೆಸಿಬೆಲ್ ಎಂದರೆ ಸದ್ದನ್ನು ಅಳೆಯುವ ಸೇರು, ಪಾವು ಇದ್ದಂತೆ. ಅಗ್ಗದ ಮಾತ್ರೆ ಸೋಲಲಿಲ್ಲ. ಆದರೂ ಇದು ಅಂಗಡಿಯಲ್ಲಿ ಕೇಳಿ ತಂದು ನುಂಗುವ ಮಾತ್ರೆಯಲ್ಲ. ಸಕ್ಕರೆ ಕಾಯಿಲೆ ಇದ್ದವರಿಗೆ ಸಕ್ಕರೆ ಏರುತ್ತದೆ. ಅಂಥವರಿಗೆ ಡಾಕ್ಟರು ಸೂಜಿಯನ್ನೇ ಹೇಳಬಹುದು.

ನಮ್ಮಲ್ಲೂ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 1965ರಲ್ಲಿ ಆರಂಭವಾಯಿತು. ಕೇಂದ್ರ ಸರ್ಕಾರದ ಹಣದಲ್ಲಿ ನಡೆಯುತ್ತದೆ. ಅಲ್ಲಿ ಚಿಕಿತ್ಸೆಯೂ ಉಂಟು, ಸಂಶೋಧನೆಯೂ ಉಂಟು. ಸರ್ಕಾರದ ಹಣ ಎಂದರೆ ಯಾರದು? ನಾವು ಸೋಪು, ಬೆಂಕಿಪೊಟ್ಟಣ ಕೊಂಡಾಗ ಕೊಟ್ಟ ತೆರಿಗೆಯೂ ಅದರಲ್ಲಿದೆ.

ಮುಂದೆ ಎಲ್ಲಾದರೂ ಡಾಕ್ಟರು ಇಂಥ ಔಷಧಿ ಪರೀಕ್ಷೆಗೆ ನಿಮ್ಮನ್ನೋ ನಿಮ್ಮ ಮಗುವನ್ನೋ ಸೇರಿಸಿಕೊಳ್ಳುತ್ತೇವೆ ಎನ್ನಬಹುದು. ಆಗ ಒಂದು ಒಪ್ಪಿಗೆ ಪತ್ರ ಕೊಡುತ್ತಾರೆ. ಅದು ನಿಮಗೆ ತಿಳಿಯುವ ಭಾಷೆಯಲ್ಲಿ ಇರಬೇಕು. ಇದು ಕಾನೂನು. ಏನು ಕೊಡುತ್ತಾರೆ, ಏನು ತೊಂದರೆ ಆಗಬಹುದು ಎಂದು ಅದರಲ್ಲಿ ಬರೆದಿರಬೇಕು. ಬೇಡ ಅನ್ನಬಹುದು. ಸೇರಿದ ಮೇಲೂ ನಡುವೆ ಬಿಟ್ಟು ಬರಬಹುದು. ಹಾಗೆ ಬಿಟ್ಟರೆ ಮಾಮೂಲಿ ಚಿಕಿತ್ಸೆ ನಿಲ್ಲಿಸುವಂತಿಲ್ಲ. "ಇಲ್ಲಿ ಹೆಬ್ಬೆಟ್ಟು ಒತ್ತಮ್ಮ" ಎಂದರೆ, "ಓದಿ ಸಹಿ ಹಾಕ್ತೀನಿ" ಅನ್ನಿ. ನಿಧಾನವಾಗಿ ಓದಿ. ತಿಳಿಯದ ಸಾಲನ್ನು ಕೇಳಿ. ಒಂದು ಪ್ರತಿಯನ್ನು ಮನೆಗೆ ತನ್ನಿ.