ಬ್ಯೂಟಿಷಿಯನ್ ಕೋರ್ಸಿನಲ್ಲಿ ಚರ್ಮದ ಪಾಠ

ಮುಂಬಯಿ: ಫೇಶಿಯಲ್, ಥ್ರೆಡಿಂಗ್ ಕಲಿತರಾಯಿತು, ಚರ್ಮದ ಪಾಠವೇಕೆ ಎಂದು ಬ್ಯೂಟಿಷಿಯನ್ ಕೋರ್ಸಿಗೆ ಸೇರುವ ಹೆಣ್ಣುಮಕ್ಕಳು ಕೇಳುವುದುಂಟು. ಗಿರಾಕಿಯ ಮುಖ ಕೆಡುವುದು ಆ ಪಾಠ ಬಿಟ್ಟಲ್ಲೇ. ಹೊರಚರ್ಮದಲ್ಲಿ ರಕ್ತನಾಳಗಳಿಲ್ಲ, ರಕ್ತ ಜಿನುಗಿದರೆ ಒಳಚರ್ಮಕ್ಕೆ ಗಾಯವಾಯಿತೆಂದೇ ಅರ್ಥ. ಅಂಗಾಲಿನಲ್ಲಿ ಸುಮಾರು 1.5 ಮಿ.ಮೀ. ದಪ್ಪವಿರುವ ಹೊರಚರ್ಮ ಕಣ್ಣರೆಪ್ಪೆಯಲ್ಲಿ ಬರೇ 0.05 ಮಿ.ಮೀ.

ಇನ್ನು ಬಣ್ಣದ ಮಾತು. ಕಪ್ಪಿರಲಿ, ಬಿಳುಪಿರಲಿ, ಬಣ್ಣ ತಯಾರಿಸುವ ಜೀವಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ತಯಾರಾಗುವ ಮೆಲನಿನ್ ಮಾತ್ರ ಬೇರೆ. ಬೆಳ್ಳಗಾಗಲೆಂದು ತಿಂಗಳುಗಟ್ಟಲೆ ಸ್ಟೆರಾಯ್ಡ್ ಕ್ರೀಮ್ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಮೊಡವೆ ಏಳುತ್ತದೆ, ಬಿಟ್ಟರೆ ಉರಿ. ಹಚ್ಚುವ ಸ್ಟೆರಾಯ್ಡ್‌ಗಳಲ್ಲಿ 14 ಬಗೆಯವನ್ನು ಕೇಂದ್ರ ಸರಕಾರ 2018ರಲ್ಲಿ ವೈದ್ಯರ ಚೀಟಿಯಿಲ್ಲದೆ ಮಾರದಂತೆ ಮಾಡಿದೆ. ಗಿರಾಕಿ ತಂದ ಟ್ಯೂಬಿನ ಮೇಲೆ ಬೀಟಾಮೆಥಾಸೋನ್, ಕ್ಲೊಬೆಟಾಸಾಲ್ ಎಂದಿದ್ದರೆ ಫೇಶಿಯಲ್ ಮಾಡದೆ ಚರ್ಮವೈದ್ಯರಲ್ಲಿಗೆ ಕಳುಹಿಸಬೇಕು.